ಗೋಡೆಗೂ ಬೇಕು ಸೆರಗು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ನಮಗೆಲ್ಲ ಗೊತ್ತು. ಈ ಗಾದೆ ಹುಟ್ಟಿಸಿದವರು ಬಯಲುಸೀಮೆಯವರೇ ಇರಬೇಕು. ಮಲೆನಾಡಿನವರಾಗಿದ್ದರೆ ‘ಕಟ್ಟಿದ ಮನೆಯಲ್ಲಿ ಮಳೆಗಾಲ ಕಳೆದು ನೋಡು’ ಎಂದು ಮೂರನೆಯದನ್ನೂ ಸೇರಿಸಿರುತ್ತಿದ್ದರು. ನಮ್ಮ ಕೊಪ್ಪ, ಶೃಂಗೇರಿ ಕಡೆ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಜಡಿಯುತ್ತಲೇ ಇರುತ್ತದೆ. ಶೃಂಗೇರಿಯಿಂದ ಇನ್ನಷ್ಟು ಮುಂದೆ, ಆಗುಂಬೆಯಲ್ಲಂತೂ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲೆ. ಅಂಗಳಕ್ಕೆ ಬಿದ್ದ ನೀರು ಹರಿದುಹೋಗದೆ ಅಲ್ಲೇ ನಿಂತರೆ ಹೆಂಚಿನ ಮನೆಯ ಸೂರು ಮುಳುಗಿಹೋಗುವಷ್ಟು ಮಳೆ ಅದು!

ಮಳೆ ನೆಟ್ಟಗೆ ಮೇಲಿನಿಂದ ಬಿದ್ದರೆ ಹೆಂಚು ನೋಡಿಕೊಳ್ಳುತ್ತದೆ. ಆದರೆ ನಮ್ಮಲ್ಲಿ ಅದು ಗಾಳಿಯ ಜೊತೆ ಓರೆಯಾಗಿ, ಪಡುವಣ ದಿಕ್ಕಿನಿಂದ ಬಂದು ಗೋಡೆಗೆ ರಪರಪ ಬಡಿಯುತ್ತದೆ. ಹೀಗಾಗಿ ಹೊರಗೋಡೆಗೆ ಏನು ಹೊದಿಸಬೇಕು ಎಂಬ ಪ್ರಶ್ನೆ ಪೇಟೆಯವರಿಗೆ ಅಂದಚೆಂದದ್ದಾದರೆ ನಮಗೆ ಗೋಡೆ ನಿಲ್ಲುತ್ತದೋ ಇಲ್ಲವೋ ಎನ್ನುವುದು. ಮೈದುನ ಬೆಂಗಳೂರಿನಿಂದ ಮೊಬೈಲಿಗೆ ಕಳಿಸಿದ ‘ಎಲಿವೇಶನ್’ ಚಿತ್ರಗಳನ್ನು ನೋಡುತ್ತಾ ನಾನು ಮೊದಲು ಯೋಚಿಸಿದ್ದು ಇದನ್ನೇ. ಎಷ್ಟು ಚೆಂದದ ಕಲ್ಲುಗಳು! ಆದರೆ ಒಂದು ಚಿತ್ರದಲ್ಲಾದರೂ ಮಳೆ ಬೀಳುತ್ತಿರಲಿಲ್ಲ.

ನಮ್ಮದು ಕೊಪ್ಪ ಪೇಟೆಯಿಂದ ಒಳಗೆ, ತೋಟದ ಮೇಲಿರುವ ಹಳೇ ಮನೆ. ಪಾಯ, ಪಂಚಾಂಗ ಜಂಬಿಟ್ಟಿಗೆಯದು. ಮೇಲೆ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ಪಡುವಣ ಬದಿಯ ಕೋಣೆ ಅತ್ತೆಯವರದ್ದು. ಅವರು ಮದುವೆಯಾಗಿ ಬಂದಂದಿನಿಂದ ಮಲಗಿದ್ದು ಅಲ್ಲೇ, ಮಕ್ಕಳನ್ನು ಹೆತ್ತದ್ದೂ ಅಲ್ಲೇ. “ಆ ಕೋಣೆ ಬಿಟ್ಟು ನನಗೆ ನಿದ್ದೆ ಬರೂದಿಲ್ಲ” ಎಂದರೆ ಮುಗಿಯಿತು.

ಅತ್ತೆಯವರು ಹೇಳುವ ಪ್ರಕಾರ ಹಿಂದೆ ಆ ಗೋಡೆಗೆ ಪ್ರತಿವರ್ಷ ತಟ್ಟಿ ಕಟ್ಟುತ್ತಿದ್ದರು. ನಾನು ಸೊಸೆಯಾಗಿ ಬರುವ ಹೊತ್ತಿಗೆ ನಮ್ಮ ಮನೆಯಲ್ಲಿ ಅದು ನಿಂತುಹೋಗಿತ್ತು. ಆದರೆ ನನ್ನ ತವರಿನಲ್ಲಿ ನೋಡಿದ್ದೇನೆ. ಮೇ ಕೊನೆಗೆ, ಮೃಗಶಿರಾ ಮಳೆ ಹಿಡಿಯುವುದರೊಳಗೆ, ಅಡಿಕೆ ದಬ್ಬೆ ಸೀಳಿ ಚೌಕಟ್ಟು ಮಾಡುತ್ತಿದ್ದರು. ಅದಕ್ಕೆ ಅಡಿಕೆ ಸೋಗೆಯನ್ನು ತುದಿ ಕೆಳಗಾಗಿ ಹಿಡಿದು ಬುಡದಿಂದ ಮೇಲಕ್ಕೆ ಒಂದರ ಮೇಲೊಂದು ಬರುವಂತೆ ಕಟ್ಟುವುದು. ಕೆಳಗಿನ ಸೋಗೆಯ ತಲೆಯನ್ನು ಮೇಲಿನದು ಮುಚ್ಚಬೇಕು. ಹೆರಳು ಹೆಣೆದ ಹಾಗೆ ನೋಡಲೂ ಚೆಂದ. ಗೋಡೆಗೆ ತಾಗಿಸದೆ, ನಡುವೆ ಕೈ ಆಡುವಷ್ಟು ಜಾಗ ಬಿಟ್ಟು ಅದನ್ನು ನಿಲ್ಲಿಸುತ್ತಿದ್ದರು. ನಾಲ್ಕು ತಿಂಗಳ ಮಳೆ ಸೋಗೆಯ ಮೇಲೆ ಇಳಿದುಹೋಗುತ್ತಿತ್ತು. ದೀಪಾವಳಿಗೆ ಬಿಚ್ಚಿದರೆ ಹಿಂದಿನ ಗೋಡೆ ಪೆಟ್ಟಿಗೆಯಲ್ಲಿಟ್ಟ ಸೀರೆಯ ಹಾಗೆ ಬೆಚ್ಚಗೆ ಇರುತ್ತಿತ್ತು. ಬಿಚ್ಚಿದ ಸೋಗೆ ಗೊಬ್ಬರಗುಂಡಿಗೆ, ದಬ್ಬೆ ಬಚ್ಚಲ ಒಲೆಗೆ. ಒಂದಿಷ್ಟೂ ಹಾಳಿಲ್ಲ.

ಹಾಗೆಂದು ತಟ್ಟಿಯನ್ನು ಹೊಗಳಿ ಅಟ್ಟಕ್ಕೇರಿಸಲಾರೆ. ಕಿಟಕಿಗೆ ಅಡ್ಡ ಬಂದು ಮನೆಯೊಳಗೆ ಹಗಲೇ ಕತ್ತಲೆ. ಇರುವೆ, ಜಿರಳೆ, ಒಮ್ಮೊಮ್ಮೆ ಹಾವು. ಗೋಡೆ ಬೆಚ್ಚಗಿದ್ದರೆ ಹಾವಿಗೂ ಬೆಚ್ಚಗೇ ಅಲ್ಲವೇ! ಮೇಲಾಗಿ ಈಗ ಕಟ್ಟುವವರು ಯಾರು? ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರೂ ತಾಲ್ಲೂಕಿನ ಅಡಿಕೆ ತೋಟಗಳಿಗೆ ಹಳದಿ ಎಲೆ ರೋಗ ತಗುಲಿದ ಮೇಲೆ ಎಷ್ಟೋ ಮನೆಗಳಲ್ಲಿ ಆದಾಯವೂ ಇಲ್ಲ, ಒಳ್ಳೆಯ ಸೋಗೆಯೂ ಇಲ್ಲ. ಈಚೆಗೆ ಎಲೆಚುಕ್ಕಿ ರೋಗ ಬೇರೆ. ಆಳುಗಳು ಸಿಗುವುದಂತೂ ಕೇಳಲೇಬೇಡಿ.

ಇದೇ ಕಷ್ಟಕ್ಕೆ ಮಾವನವರು 1996ರಲ್ಲಿ ಆ ಮಣ್ಣಿನ ಗೋಡೆಗೆ ಸಿಮೆಂಟಿನ ಗಾರೆ ಮಾಡಿಸಿದ್ದರು. “ಒಂದು ಸಲ ಬಳಿದರೆ ಸಾಕು, ಮೊಮ್ಮಕ್ಕಳ ಕಾಲದವರೆಗೂ ನೋಡ್ಬೇಕಾಗಿಲ್ಲ” ಎಂದು ಮಾಡಿದವರು ಭರವಸೆ ಕೊಟ್ಟಿದ್ದರಂತೆ. ಹತ್ತಾರು ವರ್ಷ ನಯವಾಗಿಯೇ ಇತ್ತು. ಆಮೇಲೆ ಒಳಬದಿಯಲ್ಲಿ ಬಣ್ಣ ಗುಳ್ಳೆ ಎದ್ದಿತು, ಉಪ್ಪಿನಂಥ ಬಿಳಿ ಪುಡಿ ಉದುರತೊಡಗಿತು. ಗೋಡೆಯನ್ನು ಬೆರಳಗಂಟಿನಿಂದ ತಟ್ಟಿದರೆ ಖಾಲಿ ಡಬ್ಬಿ ತಟ್ಟಿದ ಸದ್ದು.

2019ರ ಆಗಸ್ಟ್ ನಮ್ಮ ಜಿಲ್ಲೆಯವರಿಗೆ ಮರೆಯುವಂಥದ್ದಲ್ಲ. ಮೂಡಿಗೆರೆ ಕಡೆ ಗುಡ್ಡಗಳು ಕುಸಿದವು. ಅದೇ ಆಶ್ಲೇಷಾ ಮಳೆಯಲ್ಲಿ ಒಂದು ಮಧ್ಯಾಹ್ನ ಅತ್ತೆಯವರು ಅಡಿಗೆಮನೆಯಲ್ಲಿ ಕೂತು ನನ್ನ ಜೊತೆ ಹಲಸಿನ ಬೀಜ ಸುಲಿಯುತ್ತಿದ್ದರು. ಹಿಂದೆ ‘ಧಡ್’ ಎಂದಿತು. ಮರ ಬಿತ್ತೆಂದುಕೊಂಡು ಓಡಿಹೋಗಿ ನೋಡಿದರೆ ಅತ್ತೆಯವರ ಕೋಣೆಯ ಹೊರಗೋಡೆಯಿಂದ ಆರಡಿ ಅಗಲದ ಸಿಮೆಂಟಿನ ಪದರ ಅನಾಮತ್ತಾಗಿ ಕಳಚಿ ಬಿದ್ದಿತ್ತು. ಬರುವಾಗ ಗೇಣುದ್ದ ಮಣ್ಣನ್ನೂ ಎಳೆದುಕೊಂಡು ಬಂದಿತ್ತು. ಒಂದೂವರೆ ಅಡಿಯ ಗೋಡೆಯಲ್ಲಿ ಆ ಜಾಗದಲ್ಲಿ ಉಳಿದದ್ದು ಮುಕ್ಕಾಲು ಅಡಿ. ಅದರ ಆಚೆ ಬದಿಗೆ ಅವರ ಮಂಚದ ತಲೆದಿಂಬು.

ವಿಚಿತ್ರವೆಂದರೆ ಬಿದ್ದ ಸಿಮೆಂಟಿಗೆ ಏನೂ ಆಗಿರಲಿಲ್ಲ. ಕಲ್ಲಿನಂತೆ ಗಟ್ಟಿ. ಅದರ ಹಿಂದಿದ್ದ ಮಣ್ಣು ಮಾತ್ರ ನೆನೆದು ದೋಸೆಹಿಟ್ಟಿನ ಹಾಗಾಗಿತ್ತು.

ಏಕೆ ಹೀಗಾಯಿತು? ಆಮೇಲೆ ನಾನು ಕಂಡಕಂಡವರನ್ನೆಲ್ಲ ಕೇಳಿದೆ. ಕೊನೆಗೆ ಬಾಳೆಹೊನ್ನೂರು ಕಡೆಯ ವಯಸ್ಸಾದ ಮೇಸ್ತ್ರಿಯೊಬ್ಬರು ಹೇಳಿದ್ದು ಮನಸ್ಸಿಗೆ ಹಿಡಿಸಿತು. “ಮಣ್ಣಿನ ಗೋಡೆ ಅಂದ್ರೆ ಮಣ್ಣಿನ ಹೂಜಿ ಇದ್ದಂಗೆ ಅಮ್ಮಾ. ಅದು ಸ್ವಲ್ಪ ನೀರು ಕುಡೀತದೆ, ಗಾಳಿ ಬಿಸಿಲಿಗೆ ಬಿಟ್ಟುಕೊಡ್ತದೆ. ಸಿಮೆಂಟು ಬಳಿದ್ರೆ ಕುಡಿಯೂದು ನಿಲ್ಲೂದಿಲ್ಲ, ಬಿಡೂದು ಮಾತ್ರ ನಿಲ್ತದೆ.” ನೆಲದಿಂದ ತೇವ ಏರುತ್ತದೆ. ಸಿಮೆಂಟಿನ ಕೂದಲೆಳೆಯ ಬಿರುಕಿನಿಂದಲೂ ನೀರು ಒಳಗಿಳಿಯುತ್ತದೆ. ಹೊರಗೆ ಹೋಗಲು ದಾರಿಯಿಲ್ಲ. ಬಿಸಿ ಅನ್ನವನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಿಟ್ಟರೆ ಏನಾಗುತ್ತದೆಂದು ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಗೋಡೆಯೂ ಹಾಗೆಯೇ ಬೆವೆತು ಹಳಸುತ್ತದೆ.

ನಿಮ್ಮ ಮನೆಯ ಗೋಡೆಯಲ್ಲಿ ತೇವವಿದ್ದರೆ ಅದು ಗೋಡೆಯೊಳಗಿನದೋ, ಹವೆಯಿಂದ ಕೂತದ್ದೋ ಎಂದು ತಿಳಿಯಲು ಸುಲಭ ಉಪಾಯವಿದೆ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ ನಾಲ್ಕೂ ಅಂಚಿಗೆ ಅಂಟುಪಟ್ಟಿ ಹಚ್ಚಿ ಎರಡು ದಿನ ಬಿಡಿ. ಹಾಳೆಯ ಒಳಬದಿಗೆ ನೀರು ಹನಿಗಟ್ಟಿದರೆ ಗೋಡೆಯೇ ನೆನೆದಿದೆ ಎಂದರ್ಥ. ಹೊರಬದಿಗೆ ಹನಿಗಟ್ಟಿದರೆ ಅದು ಮಳೆಗಾಲದ ಹವೆಯ ತೇವ, ಕಿಟಕಿ ತೆರೆದಿಟ್ಟು ಒಲೆ ಬೆಂಕಿಯ ಬಿಸಿ ತಾಗಿಸಿದರೆ ಹೋಗುತ್ತದೆ.

ಕೊರೊನಾ ಬಂದು ಎರಡು ವರ್ಷ ಯಾವ ಕೆಲಸವೂ ಆಗಲಿಲ್ಲ. ಬಿದ್ದ ಜಾಗಕ್ಕೆ ಮಣ್ಣು ಮೆತ್ತಿ ನೀಲಿ ಟಾರ್ಪಾಲು ಕಟ್ಟಿದೆವು. ರಾತ್ರಿಯಿಡೀ ಅದು ಪಟಪಟ ಹೊಡೆದುಕೊಳ್ಳುವುದು, ನಾನು ಎದ್ದೆದ್ದು ಹೋಗಿ ಅತ್ತೆಯವರ ಗೋಡೆಯನ್ನು ಮುಟ್ಟಿ ನೋಡುವುದು. ಮಂಚವನ್ನು ಮೂಡಣ ಬದಿಗೆ ಸರಿಸಿದ್ದಕ್ಕೇ ಅವರು ಎರಡು ದಿನ ಮುನಿಸಿಕೊಂಡಿದ್ದರು.

2022ರಲ್ಲಿ ಮೈದುನ, “ಅಣ್ಣಾ, ನಾನು ಎರಡು ಲಕ್ಷ ಕೊಡ್ತೇನೆ, ಮನೆ ಎದುರಿಗೆ ಕಲ್ಲಿನ ಕ್ಲಾಡಿಂಗ್ ಮಾಡಿಸುವಾ” ಎಂದ. ಅವನಿಗೂ ಹುಟ್ಟಿದ ಮನೆಯ ಮೇಲೆ ಪ್ರೀತಿ. ಸ್ನೇಹಿತರು ಬಂದರೆ ತೋರಿಸಬೇಕು, ಮಗಳ ಆರತಕ್ಷತೆಯನ್ನು ಊರಲ್ಲೇ ಮಾಡಬೇಕು ಎಂದೆಲ್ಲ ಆಸೆ. ನಮ್ಮ ಮನೆಯವರಿಗೆ ತಮ್ಮನ ಮಾತು ತೆಗೆದುಹಾಕುವ ಧೈರ್ಯವಿಲ್ಲ. ಹಣ ಇರುವುದು ಒಂದು ಗೋಡೆಗೆ. ಎದುರಿನ ಮೂಡಣ ಗೋಡೆಗೋ, ಹಿಂದಿನ ಪಡುವಣ ಗೋಡೆಗೋ? ಎದುರಿನದಕ್ಕೆ ಜಗುಲಿಯ ಮಾಡು ಇದೆ, ಅಲ್ಲಿಗೆ ಎರಚಲು ಬರುವುದೇ ಅಪರೂಪ. ಆದರೆ ಬಂದುಹೋಗುವವರ ಕಣ್ಣಿಗೆ ಬೀಳುವುದು ಅದೇ ತಾನೇ!

ಬಾಯಿ ಮಾತಿನ ಜಗಳ ನನಗೆ ಬರುವುದಿಲ್ಲ. ಅದಕ್ಕೆ ಒಂದೆರಡು ಮನೆ ನೋಡಿಕೊಂಡು ಬರೋಣವೆಂದು ಹೊರಟೆ.

ಮೊದಲು ನರಸಿಂಹರಾಜಪುರದ ತಂಗಿಯ ಮನೆ. ನಮ್ಮಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ, ಮಳೆ ಮಾತ್ರ ನಮಗಿಂತ ಎಷ್ಟೋ ಕಡಿಮೆ. ಹಿಂದೆ ಎಡೇಹಳ್ಳಿ ಎನ್ನುತ್ತಿದ್ದ ಊರು. ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರಿನಿಂದ ನರಸಿಂಹರಾಜಪುರವಾಯಿತು. ತಂಗಿಯ ಮನೆ ಇಟ್ಟಿಗೆಯದು, ಮೇಲೆ ಆರ್.ಸಿ.ಸಿ. ಎದುರಿಗೆ ಕಂದು ಬಣ್ಣದ ಕಲ್ಲಿನ ಬಿಲ್ಲೆ ಅಂಟಿಸಿದ್ದಾರೆ. ನಾಲ್ಕು ವರ್ಷವಾದರೂ ಒಂದೂ ಅಲ್ಲಾಡಿರಲಿಲ್ಲ. ಮೇಲೆ ಮೂರಡಿ ಸಜ್ಜಾ ಇದೆ, ಹಿಂದೆ ಗಟ್ಟಿ ಇಟ್ಟಿಗೆ ಗೋಡೆ ಇದೆ. “ನೋಡಿದ್ಯಾ ಅಕ್ಕ, ಸುಮ್ನೆ ಹೆದರ್ತೀಯ” ಎಂದಳು. ಆದರೆ ಮಹಡಿ ಮೆಟ್ಟಿಲ ಬದಿಗೆ, ಸಜ್ಜಾ ಇಲ್ಲದ ಕಡೆ, ಅದೇ ಕಲ್ಲಿನ ಸಾಲುಗಳ ಸಂದಿಯಲ್ಲಿ ಹಸಿರು ಹಾವಸೆ ಹಿಡಿದು ಒಂದು ಜರಿಗಿಡ ಚಿಗುರಿತ್ತು. ಏರುಪೇರಾಗಿ ಜೋಡಿಸುವ ಕಲ್ಲಿನ ಚೂರುಗಳ ಪ್ರತಿ ಅಂಚೂ ನೀರು ನಿಲ್ಲುವ ಪುಟ್ಟ ಕಟ್ಟೆ. ನಾನು ಅವಳಿಗೆ ತೋರಿಸಲು ಹೋಗಲಿಲ್ಲ. ಹೊಸಮನೆಯವರ ಸಂತೋಷ ಕೆಡಿಸಬಾರದು.

ಆ ಕಲ್ಲಿನ ವಿಷಯದಲ್ಲಿ ಇನ್ನೊಂದು ಮಾತು. ಅದನ್ನು ಅಂಟಿಸುವುದು ಸಿಮೆಂಟ್ ಗಾರೆಯ ಮೇಲೆ ಅಥವಾ ಇಟ್ಟಿಗೆಯ ಮೇಲೆ. ಮಣ್ಣಿನ ಗೋಡೆಯ ಮೇಲೆ ಅಂಟಿಸಿದರೆ ಗಟ್ಟಿ ಕಲ್ಲಿನ ಭಾರವನ್ನೆಲ್ಲ ಹೊರುವುದು ಮೆತ್ತಗಿನ ಮಣ್ಣಿನ ತೆಳು ಚರ್ಮ. ನಮ್ಮ ಸಿಮೆಂಟ್ ಪದರ ಬಿದ್ದ ಹಾಗೆಯೇ ಬೀಳುತ್ತದೆ, ಇನ್ನೂ ಜೋರಾಗಿ ಬೀಳುತ್ತದೆ.

ಶೃಂಗೇರಿಗೆ ಹೋದದ್ದು ಅಕ್ಕನ ಮನೆಗೆ. ಹೋದ ಮೇಲೆ ದೇವಸ್ಥಾನಕ್ಕೆ ಹೋಗದೆ ಇರುವುದುಂಟೇ? ಶಾರದಮ್ಮನ ದರ್ಶನ ಮಾಡಿ ವಿದ್ಯಾಶಂಕರ ದೇವಾಲಯಕ್ಕೆ ಸುತ್ತು ಬರುವಾಗ ಅಂದು ಮೊದಲ ಬಾರಿಗೆ ದೇವರನ್ನು ಬಿಟ್ಟು ಗೋಡೆಯನ್ನೇ ನೋಡಿದೆ! 14ನೇ ಶತಮಾನದ್ದು. ತುಂಗೆಯ ದಡದಲ್ಲೇ ನಿಂತು ಇಷ್ಟು ಮಳೆಗಾಲ ಕಂಡಿದೆ. ಅದು ಕಲ್ಲು ಅಂಟಿಸಿದ ಗೋಡೆಯಲ್ಲ, ಗೋಡೆಯೇ ಕಲ್ಲು. ಎತ್ತರದ ಪೀಠದ ಮೇಲೆ ಕೂತಿದೆ, ಬಿದ್ದ ನೀರು ಬುಡದಲ್ಲಿ ನಿಲ್ಲುವುದಿಲ್ಲ. ಮೈದುನ ಕಳಿಸಿದ ಚಿತ್ರದಲ್ಲಿ ಒಂದಕ್ಕೆ ‘ಟೆಂಪಲ್ ಸ್ಟೋನ್’ ಎಂದು ಹೆಸರಿತ್ತು, ಒಂದಂಗುಲವೂ ದಪ್ಪವಿಲ್ಲದ್ದು. ನೆನೆದು ನಗು ಬಂತು.

ಅಕ್ಕನ ಮನೆಯಲ್ಲಿ ಪಡುವಣ ಗೋಡೆಗೆ ಬಣ್ಣದ ತಗಡಿನ ಶೀಟು ಹೊಡೆಸಿದ್ದಾರೆ. ಆ ಊರಿನಲ್ಲಿ ಮನೆ ಮನೆಗೂ ಅದೇ. ಕಬ್ಬಿಣದ ಪೈಪಿನ ಚೌಕಟ್ಟು, ಅದರ ಮೇಲೆ ಶೀಟು, ಗೋಡೆಗೂ ಶೀಟಿಗೂ ನಡುವೆ ನಾಲ್ಕು ಬೆರಳು ಜಾಗ. ಅಂದರೆ ತಟ್ಟಿಯದೇ ಲೆಕ್ಕ, ಸೋಗೆಯ ಬದಲು ತಗಡು! ಒಳಗೋಡೆ ಮುಟ್ಟಿ ನೋಡಿದೆ, ಒಣಗಿಯೇ ಇತ್ತು. ಅಕ್ಕ ಮಾತ್ರ, “ಎಂತ ಹೇಳ್ಲಿ ಮಾರಾಯ್ತಿ, ಜೋರು ಮಳೆ ಬಂದ್ರೆ ತಲೆಗೆ ಮೊಳೆ ಹೊಡೆದ ಹಾಗಾಗ್ತದೆ. ಫೋನಲ್ಲಿ ಮಾತಾಡಿದ್ದೇ ಕೇಳೂದಿಲ್ಲ” ಎಂದಳು. ಬೇಸಿಗೆಯಲ್ಲಿ ಸೆಖೆಯೂ ಹೆಚ್ಚು. ಆದರೂ ಖರ್ಚು ಕಡಿಮೆ, ಎರಡೇ ದಿನದ ಕೆಲಸ. ಕೈಯಲ್ಲಿ ಹಣವಿಲ್ಲ, ಗೋಡೆ ಬೀಳುವಂತಿದೆ ಎನ್ನುವವರು ಬೇರೇನೂ ಯೋಚಿಸದೆ ಇದನ್ನೇ ಮಾಡಿಸಿಕೊಳ್ಳಬಹುದೆಂದು ನನ್ನ ಅಭಿಪ್ರಾಯ.

ತಗಡಿಗಿಂತಲೂ ಅಗ್ಗವೆಂದು ಹಳೇ ಕಲ್ನಾರಿನ ಸಿಮೆಂಟ್ ಶೀಟನ್ನು ಗೋಡೆಗೆ ನಿಲ್ಲಿಸುವವರಿದ್ದಾರೆ. ಅದು ಬೇಡವೇ ಬೇಡ. ಕಲ್ನಾರಿನ ಧೂಳು ಉಸಿರಿನಲ್ಲಿ ಹೋದರೆ ಶ್ವಾಸಕೋಶದ ರೋಗ, ಕ್ಯಾನ್ಸರ್ ಬರುತ್ತದೆ. ಕೊಟ್ಟಿಗೆಯ ಮೇಲೆ ಈಗಾಗಲೇ ಇದ್ದರೆ ಅದರ ಪಾಡಿಗೆ ಇರಲಿ. ಕೊಯ್ಯುವುದು, ತೂತು ಕೊರೆಯುವುದು, ಒಡೆದು ಗುಡಿಸುವುದು ಮಾಡಬೇಡಿ.

ಕೊಪ್ಪ ಪೇಟೆಯ ಅಂಗಡಿಗಳ ಮುಂದೆ ಹೊಳೆಯುವ ಎ.ಸಿ.ಪಿ. ಹಾಳೆಯೂ ಒಂದು. ಎರಡು ತೆಳು ಅಲ್ಯೂಮಿನಿಯಂ ತಗಡಿನ ನಡುವೆ ಪ್ಲಾಸ್ಟಿಕ್ಕಿನಂಥ ಪದರ. ಲಂಡನ್ನಿನ 24 ಮಹಡಿಯ ಗ್ರೆನ್‌ಫೆಲ್ ಟವರ್ ಎಂಬ ಕಟ್ಟಡಕ್ಕೆ ಇಂಥದ್ದೇ ಹೊದಿಕೆ ಹಾಕಿದ್ದರು. 2017ರ ಜೂನ್ 14ರಂದು ಒಂದು ಮನೆಯ ಫ್ರಿಜ್ಜಿನಿಂದ ಹೊತ್ತಿದ ಬೆಂಕಿ ಆ ಹೊದಿಕೆ ಹಿಡಿದು ಮೇಲಕ್ಕೇರಿ 72 ಜನ ಸತ್ತರು. ಒಳಗೆ ಬೆಂಕಿ ತಡೆಯುವ ಪದರವಿರುವ ಬೇರೆ ಜಾತಿಯ ಹಾಳೆಯೂ ಸಿಗುತ್ತದೆ, ನಿಜ. ಆದರೆ ಬಚ್ಚಲ ಒಲೆಗೆ ದಿನವೂ ಸೌದೆ ಉರಿಸುವ ನಮ್ಮಂಥ ಮನೆಗಳ ಗೋಡೆಗೆ ಅದು ಯಾಕೆ ಬೇಕು?

ಹಲಗೆ ಹೊದಿಸುವ ಆಸೆ ನನಗೇ ಇತ್ತು. ಜಪಾನಿನಲ್ಲಿ ದೇವದಾರು ಜಾತಿಯ ಹಲಗೆಯ ಮೈ ಸುಟ್ಟು ಕರಿ ಮಾಡಿ ಗೋಡೆಗೆ ಹೊದಿಸುತ್ತಾರಂತೆ. ನಮ್ಮಲ್ಲಿ ಬೇಲಿಗೂಟದ ಬುಡ ಸುಟ್ಟು ನೆಡುತ್ತೇವಲ್ಲ, ಅದೇ ವಿದ್ಯೆ. ಆದರೆ ಒಳ್ಳೆಯ ಮರದ ಬೆಲೆ ಕೇಳುವ ಹಾಗಿಲ್ಲ. ಕಾಫಿ ತೋಟದ ಸಿಲ್ವರ್ ಮರದ ಹಲಗೆ ಅಗ್ಗ, ಗೆದ್ದಲಿಗೂ ಅಷ್ಟೇ ಅಗ್ಗ.

ಹೊಸದಾಗಿ ಕಟ್ಟುವವರಾದರೆ ಜಂಬಿಟ್ಟಿಗೆಯಲ್ಲೇ ಗೋಡೆ ಕಟ್ಟಿ ಗಾರೆಯನ್ನೇ ಮಾಡದೆ ಬಿಡಬಹುದು. ಅಗೆಯುವಾಗ ಮೆತ್ತಗೆ, ಗಾಳಿ ಬಿಸಿಲು ಕಂಡಷ್ಟೂ ಗಟ್ಟಿ. ಫ್ರಾನ್ಸಿಸ್ ಬುಕಾನನ್ ಎಂಬವರು ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನೆಲ್ಲ ಸುತ್ತಿ 1807ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟರು. ಲ್ಯಾಟಿನ್ನಿನಲ್ಲಿ ಆ ಪದದ ಮೂಲಕ್ಕೆ ಇಟ್ಟಿಗೆ ಎಂದೇ ಅರ್ಥವಂತೆ. ನಮ್ಮವರು ‘ಜಂಬಿಟ್ಟಿಗೆ’ ಎನ್ನುವುದರಲ್ಲೂ ಇಟ್ಟಿಗೆ ಇದೆ ನೋಡಿ!

ನಮಗೆ ಬೇಕಾದದ್ದು ಹಳೇ ಗೋಡೆಯ ಮೇಲೆ ಭಾರ ಹಾಕದೆ, ಉಸಿರುಗಟ್ಟಿಸದೆ, ಸದ್ದು ಮಾಡದೆ ನೀರು ತಡೆಯುವಂಥದ್ದು. ಯೋಚಿಸುತ್ತಾ ಕೊಟ್ಟಿಗೆ ಕಡೆ ಹೋದಾಗ ಕಣ್ಣಿಗೆ ಬಿದ್ದದ್ದು ಹೆಂಚಿನ ರಾಶಿ. ದನಗಳು ಕಡಿಮೆಯಾಗಿ ಕೊಟ್ಟಿಗೆ ಚಿಕ್ಕದು ಮಾಡಿದಾಗ ಇಳಿಸಿದ ಮಂಗಳೂರು ಹೆಂಚು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಕಾರ್ಖಾನೆ ಹಾಕಿದ ಮೇಲೆ ಊರೂರಿಗೆ ಹಬ್ಬಿದ ಹೆಂಚು. ಮಾಡಿನ ಮೇಲೆ ಅಷ್ಟು ವರ್ಷ ಮಳೆ ತಡೆದದ್ದು ಗೋಡೆಯ ಮೇಲೆ ತಡೆಯದೇ? ಮೇಸ್ತ್ರಿಯನ್ನು ಕೇಳಿದೆ. “ಮಾಡಬೌದು, ಕಟ್ಟಿ ನಿಲ್ಲಿಸ್ಬೇಕು ಅಷ್ಟೇ” ಎಂದರು. ಇಂಗ್ಲೆಂಡಿನ ಕೆಂಟ್, ಸಸೆಕ್ಸ್ ಕಡೆ ನೂರಾರು ವರ್ಷಗಳಿಂದ ಗೋಡೆಗೆ ಹೆಂಚು ತೂಗಿಸುವ ರೂಢಿ ಇದೆಯೆಂದು ಮಗ ಹುಡುಕಿ ತೋರಿಸಿದ ಮೇಲೆ ನಮ್ಮ ಮನೆಯವರಿಗೂ ನಂಬಿಕೆ ಬಂತು. ನಾನು ಹೇಳಿದಾಗ ಬಾರದ ನಂಬಿಕೆ ಇಂಗ್ಲೆಂಡಿನವರು ಮಾಡಿದ್ದಾರೆ ಎಂದ ಕೂಡಲೇ ಬರುತ್ತದೆ. ಇರಲಿ.

ಉಳಿದದ್ದು ಮೈದುನ. ಜುಲೈಯಲ್ಲಿ ಮಾವನವರ ತಿಥಿಗೆ ಬಂದ. ಪುನರ್ವಸು ಮಳೆ ಹುಚ್ಚು ಹಿಡಿದಂತೆ ಹೊಯ್ಯುತ್ತಿತ್ತು. ನಾನು ಚರ್ಚೆಗೇ ಹೋಗಲಿಲ್ಲ. ನೆಂಟರು ತುಂಬಿದ್ದಾರೆ, ಬೇರೆ ಕಡೆ ಜಾಗವಿಲ್ಲ ಎಂದು ಅವನ ಹಾಸಿಗೆಯನ್ನು ಅತ್ತೆಯವರ ಕೋಣೆಯಲ್ಲಿ, ಆ ಗೋಡೆಯ ಪಕ್ಕ ಹಾಕಿದೆ. ಜಾಗವಿರಲಿಲ್ಲ ಎನ್ನುವುದು ಮುಕ್ಕಾಲು ಪಾಲು ನಿಜವೇ!

ರಾತ್ರಿ ಎರಡು ಗಂಟೆಗೆ ಆ ಕೋಣೆಯಲ್ಲಿ ದೀಪ ಹತ್ತಿತು. ಮತ್ತೆ ಮೂರಕ್ಕೆ. ಬೆಳಿಗ್ಗೆ ಕಾಫಿ ಕೊಡಲು ಹೋದರೆ ಗೋಡೆಯ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದ. ಅತ್ತೆಯವರು ಇನ್ನೂ ಮಲಗಿದ್ದರು. ಅವನು ಕಾಫಿ ಕುಡಿದು ಲೋಟ ಕೆಳಗಿಟ್ಟ. “ಅತ್ತಿಗೆ, ಅಮ್ಮ ಮೂರು ವರ್ಷದಿಂದ ಇಲ್ಲೇ ಮಲಗ್ತಿದ್ದಾರಾ?” ಎಂದ. ಹೌದೆಂದೆ. ಸ್ವಲ್ಪ ಹೊತ್ತು ಬಿಟ್ಟು, “ಹೆಂಚು ಎಷ್ಟು ಬೇಕಾಗ್ತದೆ?” ಎಂದು ಕೇಳಿದ.

ಲೆಕ್ಕ ನನ್ನ ಬಳಿ ಸಿದ್ಧವಿತ್ತು. ಗೋಡೆ 24 ಅಡಿ ಉದ್ದ, 9 ಅಡಿ ಎತ್ತರ, ಅಂದರೆ 216 ಚದರ ಅಡಿ, ಸುಮಾರು 20 ಚದರ ಮೀಟರು. ಒಂದು ಚದರ ಮೀಟರಿಗೆ ಹತ್ತಿರ ಹತ್ತಿರ 15 ಹೆಂಚು. ಒಟ್ಟು 300. ಕೊಟ್ಟಿಗೆಯದರಲ್ಲಿ ಬಿರುಕು ಬಿಟ್ಟದ್ದನ್ನು ತೆಗೆದು ನೋಡಿದರೆ 260 ಸಿಕ್ಕಿತು. ಹೊಸತು ಕೊಂಡದ್ದು 40 ಮಾತ್ರ.

ಅಡಿಕೆ ಕೊಯ್ಲಿನ ಗಡಿಬಿಡಿಯ ನಡುವೆಯೇ ಕೆಲಸ ಶುರುವಾಯಿತು. ದೀಪಾವಳಿ ಕಳೆದ ಕೂಡಲೇ ಉಳಿದ ಸಿಮೆಂಟನ್ನೆಲ್ಲ ಸಣ್ಣ ಉಳಿಯಿಂದ ಮೆಲ್ಲಗೆ ಕೆತ್ತಿ ತೆಗೆಸಿದೆವು. ಆಮೇಲೆ ಎರಡು ತಿಂಗಳು ಗೋಡೆಯನ್ನು ಸುಮ್ಮನೆ ಬಿಸಿಲು ಗಾಳಿಗೆ ಬಿಟ್ಟೆವು. ಇದು ಬಹಳ ಮುಖ್ಯ. ಹಪ್ಪಳ ಹಸಿಯಿರುವಾಗಲೇ ಡಬ್ಬಿಗೆ ತುಂಬುತ್ತೇವೆಯೇ? ಬಿದ್ದ ಜಾಗಕ್ಕೆ, ಕತ್ತರಿಸಿದ ಹುಲ್ಲು ಸೇರಿಸಿ ಒಂದು ವಾರ ಕೊಳೆಸಿದ ಮಣ್ಣನ್ನು ಪದರ ಪದರವಾಗಿ ಕೂರಿಸಿ, ಒಣಗಿದ ಮೇಲೆ ಸುಣ್ಣ ಬಳಿದರು.

ಹೆಂಚಿನ ಭಾರ ಸುಮಾರು ಮುಕ್ಕಾಲು ಟನ್ನು. ಅದನ್ನು ಮಣ್ಣಿನ ಗೋಡೆಗೆ ಹೊರಿಸುವಂತಿಲ್ಲ. ಆದ್ದರಿಂದ ಕೆಳಗಿನ ಜಂಬಿಟ್ಟಿಗೆ ಪಂಚಾಂಗದ ಮೇಲೆ ಕಬ್ಬಿಣದ ಪೈಪುಗಳನ್ನು ನಿಲ್ಲಿಸಿ ಮೇಲೆ ಸೂರಿನ ಮರಕ್ಕೆ ಕಟ್ಟಿದರು. ಪೈಪಿಗೆ ಅಡ್ಡಲಾಗಿ ರೀಪು ಹೊಡೆದು, ಕೆಳಗಿನಿಂದ ಮೇಲಕ್ಕೆ ಹೆಂಚು ತೂಗಿಸುತ್ತಾ ಹೋದರು. ಹೆಂಚಿನ ಬೆನ್ನಿನ ಗುಬುಟು ರೀಪಿಗೆ ಸಿಕ್ಕಿಕೊಳ್ಳುತ್ತದೆ. ಆದರೂ ಗಾಳಿ ಎತ್ತದಿರಲೆಂದು ಒಂದೊಂದನ್ನೂ ತಾಮ್ರದ ತಂತಿಯಿಂದ ಬಿಗಿದದ್ದಾಯಿತು. ಗೋಡೆಗೂ ಹೆಂಚಿಗೂ ನಡುವೆ ನಾಲ್ಕು ಬೆರಳು ಸಂದಿ. ಗಾಳಿಯಾಡಲು ಬುಡದಲ್ಲೂ ತುದಿಯಲ್ಲೂ ಬಾಯಿ ಬಿಟ್ಟು, ಹಾವು ಇಲಿ ನುಗ್ಗದಂತೆ ಸಣ್ಣ ಕಣ್ಣಿನ ತಂತಿಬಲೆ ಹೊಡೆಸಿದೆ. ತಟ್ಟಿಯ ಹಾವು ನನಗೆ ಮರೆತಿರಲಿಲ್ಲ.

ತೆಂಕು ಗೋಡೆಗೆ ಅಷ್ಟು ಎರಚಲಿಲ್ಲ. ಅಲ್ಲಿಗೆ ಸುಣ್ಣದ ಗಾರೆ ಸಾಕೆಂದರು ಮೇಸ್ತ್ರಿ. ಸುಣ್ಣವೂ ಗೋಡೆಗೆ ಉಸಿರಾಡಲು ಬಿಡುತ್ತದೆ. ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂದು ಬಾಯಿಪಾಠವಿರುವ ನಮಗೆ ಸುಣ್ಣ ಹೊಸತೇನಲ್ಲ. ಬೇಕಾದವರಿಗೆ ಅವರು ಮಾಡಿದ ಪಾಕ ಹೇಳುತ್ತೇನೆ. ಅರಳಿಸಿ ಜರಡಿ ಹಿಡಿದ ಸುಣ್ಣ ಒಂದು ಪಾಲು, ಜರಡಿ ಹಿಡಿದ ಮರಳು ಮೂರು ಪಾಲು. ಜಜ್ಜಿದ ಅಳಲೆಕಾಯಿಯನ್ನು ಬೆಲ್ಲದ ಜೊತೆ ನಾಲ್ಕೈದು ದಿನ ನೆನೆಹಾಕಿ ಸೋಸಿದ ನೀರಿನಲ್ಲಿ ಇದನ್ನು ಕಲಸಬೇಕು, ಚೆನ್ನಾಗಿ ನಾದಬೇಕು. ಬಳಿದ ಮೇಲೆ ಹತ್ತು ದಿನ ಒದ್ದೆ ಗೋಣಿಚೀಲ ಮುಚ್ಚಿಡಬೇಕು, ಬೇಗ ಒಣಗಿದರೆ ಬಿರಿಯುತ್ತದೆ. ಚಳಿಗಾಲದಲ್ಲೇ ಮಾಡಿಸಿಕೊಳ್ಳಿ. ಸುಣ್ಣ ಅರಳಿಸುವಾಗ ಕುದಿದು ಸಿಡಿಯುತ್ತದೆ, ಮಕ್ಕಳನ್ನು ಹತ್ತಿರ ಬಿಡಬೇಡಿ. ಕಣ್ಣಿಗೆ ಬಿದ್ದರೆ ತಕ್ಷಣ ತಣ್ಣೀರಿನಲ್ಲಿ ತೊಳೆಯುತ್ತಲೇ ಇದ್ದು ಡಾಕ್ಟರ ಹತ್ತಿರ ಓಡಬೇಕು.

2023ರಲ್ಲಿ ಮಳೆಯೇ ಕೈಕೊಟ್ಟಿತು. ನಿಜವಾದ ಪರೀಕ್ಷೆ ನಡೆದದ್ದು 2024ರ ಜುಲೈಯಲ್ಲಿ. ತುಂಗೆ ಉಕ್ಕಿ ಶೃಂಗೇರಿಯ ಸುದ್ದಿ ಟಿ.ವಿ.ಯಲ್ಲೆಲ್ಲ ಬಂತು. ನಮ್ಮಲ್ಲಿ ನಾಲ್ಕು ದಿನ ಕರೆಂಟಿಲ್ಲ. ನಾನು ಅಭ್ಯಾಸಬಲದಿಂದ ರಾತ್ರಿ ಎದ್ದುಹೋಗಿ ಗೋಡೆ ಮುಟ್ಟಿದೆ. ಒಣಗಿತ್ತು. ಮಳೆ ಹೆಂಚಿನ ಮೇಲೆ ಇಳಿಯುವ ಸದ್ದು ದೂರದ ಹಳ್ಳದಂತೆ ಕೇಳುತ್ತಿತ್ತು. “ಎಂತಕ್ಕೆ ಎದ್ದದ್ದು? ಹೋಗಿ ಮಲಗು” ಎಂದರು ಅತ್ತೆಯವರು ಕತ್ತಲಲ್ಲೇ. ಅವರು ಮಂಚವನ್ನು ಯಾವಾಗಲೋ ಮತ್ತೆ ಗೋಡೆಯ ಬದಿಗೆ ಸರಿಸಿಕೊಂಡಿದ್ದರು.

ಎದುರಿನ ಗೋಡೆ ಮೊದಲಿನಂತೆ ಬಿಳಿ ಸುಣ್ಣದಲ್ಲೇ ಇದೆ. ಮೈದುನ ಈಗಲೂ ಕಲ್ಲಿನ ಚಿತ್ರ ಕಳಿಸುತ್ತಾನೆ. ಜಗುಲಿಯ ಕಟ್ಟೆಗೆ ಮಾತ್ರ ಹಾಕಿಸೋಣ ಎಂದಿದ್ದೇನೆ, ಅದು ಜಂಬಿಟ್ಟಿಗೆಯದು, ಮೇಲೆ ಮಾಡೂ ಇದೆ. ಸದ್ಯಕ್ಕೆ ಇರುವ ತೊಂದರೆ ಎಂದರೆ ಪಡುವಣ ಹೆಂಚಿನ ಸಂದಿಯಲ್ಲಿ ತಂತಿಬಲೆಯನ್ನೂ ದಾಟಿ ಕಣಜ ಗೂಡು ಕಟ್ಟಿದೆ. ಬೇಸಿಗೆಯಲ್ಲಿ ಮೇಲಿನ ಸಾಲಿನ ನಾಲ್ಕು ಹೆಂಚು ಬಿಚ್ಚಿ ತೆಗೆಸಬೇಕು.